ಪೇಟೆಯಲ್ಲಿ ನಿಮ್ಮವರು ಯಾರು?

ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಹಬೆಯೆಲ್ಲ ನೇರವಾಗಿ ಬಂದು ನುಗ್ಗುವ ಜಾಗದಲ್ಲಿ, ದಾಖಲೆ ವಿಭಾಗವಿತ್ತು. ಕಾಗದ ಇಡುವ ಕೋಣೆಯನ್ನು ಹಬೆಯ ಪಕ್ಕದಲ್ಲಿ ಕಟ್ಟಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಸಿಕ್ಕಿದರೆ ಎರಡು ಮಾತು ಕೇಳಬೇಕೆಂದು ಆ ವಿಭಾಗದ ಮುಖ್ಯಸ್ಥೆ ಕೆಲಸಕ್ಕೆ ಸೇರಿದಂದಿನಿಂದ ಕಾದಿದ್ದಳು. ಎದುರಿಗೆ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಸಿಡುಕಮ್ಮ ಎನ್ನುತ್ತಿದ್ದರು. ಎರಡೂ ಅವಳಿಗೆ ಗೊತ್ತಿತ್ತು. ಎರಡನೆಯದರ ಬಗ್ಗೆ ಅವಳ ತಕರಾರೇನೂ ಇರಲಿಲ್ಲ. ಸಿಡುಕುವುದಕ್ಕೆ ಕಾರಣಗಳೇನು ಕಮ್ಮಿಯೇ?

ಅವಳ ಕೆಲಸ ಹೀಗಿತ್ತು. ರೋಗಿ ವಾಸಿಯಾಗಿ ಮನೆಗೆ ಹೋದ ಮೇಲೆ, ಅಥವಾ ವಾಸಿಯಾಗದೆ ಹೋದ ಮೇಲೆ, ಅವನ ಕಡತ ಅವಳ ಮೇಜಿಗೆ ಬರುತ್ತಿತ್ತು. ಡಾಕ್ಟರು ಗೀಚಿದ್ದನ್ನು ಓದಿ, ಕಾಯಿಲೆ ಯಾವುದೆಂದು ಪತ್ತೆ ಹಚ್ಚಿ, ಅದಕ್ಕೆ ಗೊತ್ತುಮಾಡಿದ ಸಂಖ್ಯೆಯನ್ನು ಕಂಪ್ಯೂಟರಿಗೆ ಹಾಕಬೇಕು. ಮೂರು ತಿಂಗಳಿಗೊಮ್ಮೆ ಯಾವ ಬೀದಿಯಿಂದ, ಯಾವ ಹಳ್ಳಿಯಿಂದ, ಯಾವ ಕಾಯಿಲೆಗೆ ಎಷ್ಟು ಜನ ದಾಖಲಾದರು ಎಂಬ ಕೋಷ್ಟಕವನ್ನು ಮನೆ ವಿಳಾಸಗಳ ಸಮೇತ ಕಂಪ್ಯೂಟರಿನಿಂದ ತೆಗೆದು, ಸಹಿ ಹಾಕಿ, ಆರೋಗ್ಯ ಯೋಜನಾ ಕಚೇರಿಗೆ ಕಳಿಸಬೇಕು. ಆ ಕಚೇರಿಯವರು ಕೋಷ್ಟಕ ನೋಡಿ ಎಲ್ಲಿ ಹೊಸ ಚಿಕಿತ್ಸಾ ಘಟಕ ಕಟ್ಟಬೇಕು, ಎಲ್ಲಿಗೆ ನರ್ಸ್ ಕಳಿಸಬೇಕು ಎಂದು ತೀರ್ಮಾನಿಸುತ್ತಾರೆ. ಹೇಳುವುದಕ್ಕೇನೋ ಸುಲಭ. ಡಾಕ್ಟರುಗಳ ಕೈಬರಹ ನೋಡಿದವರಿಗೆ ಗೊತ್ತು ಅವಳ ಪಾಡು. ಒಬ್ಬ ಶಸ್ತ್ರವೈದ್ಯರಂತೂ ಒಂದೇ ಒಂದು ಡೊಂಕು ಗೆರೆ ಎಳೆದು ಕೈತೊಳೆದುಕೊಳ್ಳುತ್ತಿದ್ದರು. ಸಿಡುಕಮ್ಮ ಕಡತ ಹಿಡಿದುಕೊಂಡು ಮೆಟ್ಟಿಲು ಹತ್ತಿ ಹೋಗಿ ಅವರನ್ನು ಬಾಗಿಲಲ್ಲೇ ತಡೆಯುತ್ತಿದ್ದಳು.

"ಇದು ಪಿತ್ತಕೋಶಾನಾ, ಕರುಳಾ, ಏನಿದು ಸಾರ್?"

"ನೀವೇ ನೋಡಿ ಏನಾದ್ರೂ ಹಾಕ್ಕೊಳ್ಳಿ ಮೇಡಂ."

"ನಾನೇ ನೋಡಿ ಹಾಕೋದಾದ್ರೆ ನೀವ್ಯಾಕೆ ಸಾರ್ ಕೊಯ್ದಿದ್ದು?"

ಕಾಯಿಲೆಯ ವಿಷಯದಲ್ಲಿ ಅವಳು ಅಷ್ಟು ಕಟ್ಟುನಿಟ್ಟು. ಆದರೆ ಕಡತದ ಮೇಲುಭಾಗದಲ್ಲಿ ರೋಗಿಯ ವಿಳಾಸವೂ ಇರುತ್ತಿತ್ತು. ಅದರ ಕಡೆ ಅವಳು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅದು ದಾಖಲಾತಿ ಕಿಟಕಿಯಲ್ಲಿ ಕೂರುವವನ ಜವಾಬ್ದಾರಿ. ಬೇರೆಯವರ ಕೆಲಸಕ್ಕೆ ಕೈಹಾಕುವುದು, ತನ್ನ ಕೆಲಸಕ್ಕೆ ಬೇರೆಯವರು ಕೈಹಾಕುವುದು, ಎರಡೂ ಅವಳಿಗೆ ಆಗಿಬರುತ್ತಿರಲಿಲ್ಲ.

ಅವಳು ಹುಟ್ಟಿದ್ದು ಕಲ್ಲುಗಣಿ ಎಂಬ ಊರಿನಲ್ಲಿ. ಪೇಟೆಯಿಂದ ಬಸ್ಸಿನಲ್ಲಿ ಹೊರಟರೆ ಅರ್ಧ ದಿನ ತಿನ್ನುವ ದಾರಿ. ಅಲ್ಲಿ ಗುಡ್ಡವನ್ನು ಕೊರೆದು, ಒಡೆದು, ಪುಡಿ ಮಾಡುವುದೇ ಕಸುಬು. ಮರ, ಮನೆ, ನಾಯಿ, ನಾಯಿಯ ರೆಪ್ಪೆ, ಎಲ್ಲದರ ಮೇಲೂ ಬಿಳಿ ಧೂಳು. ದೊಡ್ಡವರಾದ ಮೇಲೆ ಮನುಷ್ಯರು ಕೆಮ್ಮುತ್ತಾರೆ ಎಂದೇ ಅವಳು ಚಿಕ್ಕವಳಿದ್ದಾಗ ತಿಳಿದಿದ್ದಳು. ಗಂಡಸರಿಗೆ ಮೀಸೆ ಬಂದಂತೆ ಕೆಮ್ಮೂ ಬರುತ್ತದೆ ಎಂದುಕೊಂಡಿದ್ದಳು. ಅಮ್ಮ ಬೇಗ ಹೋದಳು. ಅಪ್ಪ ಕೆಮ್ಮಿ ಕೆಮ್ಮಿ ಹೋದ. ತಮ್ಮನಿಗೆ ಆಗ ಚಡ್ಡಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಅವನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಅವಳು ಶಾಲೆ ಮುಗಿಸಿದಳು, ಅವನ ಮೂಗು ಒರೆಸುತ್ತಲೇ ಪರೀಕ್ಷೆಗೆ ಓದಿದಳು. ಆಮೇಲೆ ಪೇಟೆಗೆ ಬಂದು ಆಸ್ಪತ್ರೆಯಲ್ಲಿ ನಕಲು ಬರೆಯುವ ಕೆಲಸ ಹಿಡಿದಳು, ಮದುವೆಯಾದಳು. ತಮ್ಮನನ್ನೂ ಜೊತೆಗೆ ಕರೆದಳು. ಅವನು ಬರಲಿಲ್ಲ. ಕಲ್ಲು ಕೊರೆಯುವ ಯಂತ್ರದಲ್ಲಿ ಅವನ ಕೈ ಕುದುರಿಬಿಟ್ಟಿತ್ತು. ಈಗ ಅವನಿಗೂ ಅಪ್ಪನ ಕೆಮ್ಮು.

ಗಂಡ ಬಸ್ ನಿಲ್ದಾಣದಲ್ಲಿ ಧ್ವನಿವರ್ಧಕದ ಮುಂದೆ ಕೂತು ಬಸ್ಸುಗಳನ್ನು ಕೂಗುವವನು. ದಿನವಿಡೀ ಕೂಗಿ ಕೂಗಿ, ಮನೆಗೆ ಬಂದರೆ ಗೋಡೆಗೂ ಕೇಳಿಸದಷ್ಟು ಮೆಲ್ಲಗೆ ಮಾತಾಡುತ್ತಿದ್ದ. ಮನೆಯ ಜೋರು ಮಾತಿನ ಖಾತೆಯನ್ನೆಲ್ಲ ಹೆಂಡತಿಗೇ ಬಿಟ್ಟುಕೊಟ್ಟಿದ್ದ. ಒಂದು ಸಂದರ್ಭದಲ್ಲಿ ಮಾತ್ರ ನಿಲ್ದಾಣದ ದನಿ ತೆಗೆಯುತ್ತಿದ್ದ, ಅದು ಅಂಚೆಯವನು ಬಂದಾಗ.

"ಪ್ರಯಾಣಿಕರ ಗಮನಕ್ಕೆ! ಕಲ್ಲುಗಣಿಯ ನಿಮ್ಮ ಚಿಕ್ಕಪ್ಪನ ಮಗ ಮಂಗಳವಾರ ಎದೆ ವಿಭಾಗಕ್ಕೆ ಮರುತಪಾಸಣೆಗೆ ಹೊರಡಲಿದ್ದಾರೆ. ಅವರ ಹಿಂದೆಯೇ, ಯಾರೋ ಕುಂಟನ ಅಳಿಯ ಅಂತೆ, ಅವರೂ ಹೊರಡಲಿದ್ದಾರೆ!"

"ಸಾಕು ಸುಮ್ನಿರಿ," ಎಂದು ಸಿಡುಕಮ್ಮ ಕಾರ್ಡುಗಳನ್ನು ಕಿತ್ತುಕೊಳ್ಳುತ್ತಿದ್ದಳು. "ಮನೆಯಾ ಇದು, ಅಂಚೆ ಕಚೇರಿಯಾ?"

ಆಸ್ಪತ್ರೆಯ ಮರುತಪಾಸಣೆ ಕಾರ್ಡುಗಳು ವರ್ಷಗಳಿಂದ ಹೀಗೆ ಅವಳ ಮನೆಗೆ ಬಂದು ಬೀಳುತ್ತಿದ್ದವು. ಬೈಯುತ್ತಲೇ ಅವನ್ನೆಲ್ಲ ಜೋಡಿಸಿ, ಕಲ್ಲುಗಣಿಗೆ ಹೋಗುವ ಬಸ್ಸಿನ ಡ್ರೈವರ್ ಕೈಗೆ ಗಂಡನ ಮೂಲಕ ಕೊಟ್ಟು ಕಳಿಸುತ್ತಿದ್ದಳು. ಯಾಕೆ ತನ್ನ ಮನೆಗೇ ಬರುತ್ತವೆ ಎಂದು ಬೈದಿದ್ದಳೇ ಹೊರತು ಯೋಚಿಸಿರಲಿಲ್ಲ. ನೆಂಟರೆಂದ ಮೇಲೆ ಇಂಥ ಕಾಟ ಇದ್ದದ್ದೇ ಎಂದುಕೊಂಡಿದ್ದಳು.

ಯೋಚಿಸುವ ಹಾಗೆ ಮಾಡಿದ್ದು ಒಂದು ರಜೆಯ ಬೆಳಿಗ್ಗೆ. ಗಂಡ ಹೆಂಡತಿ ಅಂಗಳದಲ್ಲಿ ಹಾಸಿಗೆ ಒಣಹಾಕುತ್ತಿದ್ದಾಗ ಮೂವರು ಗೇಟು ತೆಗೆದು ಬಂದರು. ಒಬ್ಬನ ಕೈಯಲ್ಲಿ ಬಾಟಲಿಗಳ ಪೆಟ್ಟಿಗೆ, ಇನ್ನೊಬ್ಬನ ಕೈಯಲ್ಲಿ ಗಾಳಿಯ ಧೂಳು ಅಳೆಯುವ ಯಂತ್ರ. ಮೂರನೆಯವನು ಮೂಗು ಬಾಯಿ ಮುಚ್ಚಿಕೊಂಡು, ಆದಷ್ಟೂ ದೂರವೇ ನಿಂತಿದ್ದ.

"ಈ ಮನೇಲಿ ಎಷ್ಟು ಜನ ಇದ್ದೀರಮ್ಮ?"

"ಇಬ್ಬರು."

"ಸರಿಯಾಗಿ ಹೇಳಿ. ಹೆದರ್ಕೋಬೇಡಿ, ಯೋಜನಾ ಕಚೇರಿಯಿಂದ ಬಂದಿದ್ದೀವಿ. ಹೋದ ವರ್ಷದಿಂದ ಈಚೆಗೆ ಈ ಒಂದು ಮನೆಯಿಂದ ನಲವತ್ತಕ್ಕೂ ಹೆಚ್ಚು ಜನ ಎದೆ ಕಾಯಿಲೆಗೆ ಆಸ್ಪತ್ರೆ ಸೇರಿದ್ದಾರೆ."

ಗಂಡ ಹಾಸಿಗೆಯ ತುದಿ ಹಿಡಿದುಕೊಂಡೇ ಹೆಂಡತಿಯ ಕಡೆ ತಿರುಗಿದ. "ನಲವತ್ತು ಜನರಾ? ಎಲ್ಲಿ ಮಲಗಿಸ್ತಿದ್ದೀಯೇ ಅವರನ್ನೆಲ್ಲ?"

ಅವಳು ಎಷ್ಟು ಹೇಳಿದರೂ ಆ ಮೂವರು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ನಲ್ಲಿಯ ನೀರು ಹಿಡಿದರು, ತೊಟ್ಟಿಯ ಮುಚ್ಚಳ ತೆಗೆದು ಇಣುಕಿದರು, ಅಡುಗೆಮನೆಯ ಗೋಡೆಗೆ ಯಂತ್ರ ಹಿಡಿದರು, ಹಿತ್ತಿಲಲ್ಲಿ ಹತ್ತಿ ಗಿತ್ತಿ ಹಿಂಜುತ್ತೀರಾ ಎಂದು ವಿಚಾರಿಸಿದರು. ಬೀದಿಯವರೆಲ್ಲ ಕಾಂಪೌಂಡಿನ ಮೇಲೆ ಸಾಲಾಗಿ ತಲೆಯಿಟ್ಟು ನೋಡಿದರು. ಎದುರುಮನೆಯಾಕೆ ತನ್ನ ಬಟ್ಟೆ ಒಣಹಾಕುವ ಹಗ್ಗವನ್ನು ಬಿಚ್ಚಿ ಮನೆಯ ಆಚೆ ಬದಿಗೆ ಕಟ್ಟಿಕೊಂಡಳು. ಸಿಡುಕಮ್ಮನಿಗೆ ಪಿತ್ತ ನೆತ್ತಿಗೇರಿತು. "ಯಾವನ್ರೀ ಅವನು, ತಲೆಬುಡ ಇಲ್ಲದ ಲೆಕ್ಕ ಕೊಟ್ಟೋನು? ತೋರ್ಸಿ ಇಲ್ಲಿ!" ಎಂದು ಬಾಟಲಿಯವನ ಕೈಯಿಂದ ಕಾಗದ ಕಿತ್ತುಕೊಂಡಳು. ಕೋಷ್ಟಕದ ಕೆಳಗೆ ದುಂಡಗೆ, ಸ್ಪಷ್ಟವಾಗಿ, ಅವಳದೇ ಸಹಿ.

ಮರುದಿನ ಅವಳು ನೇರವಾಗಿ ದಾಖಲಾತಿ ಕಿಟಕಿಗೆ ಹೋದಳು. ಅಲ್ಲಿ ಕೂರುವವನಿಗೆ ಎಲ್ಲರೂ ಕಿಟಕಿಯಪ್ಪ ಎನ್ನುತ್ತಿದ್ದರು. ಸಾಧು ಮನುಷ್ಯ, ಯಾರಿಗೂ ಎದುರು ಮಾತಾಡುವವನಲ್ಲ, ಹಾಗಂತ ಯಾರ ಮಾತೂ ಕೇಳುವವನೂ ಅಲ್ಲ. ಸಿಡುಕಮ್ಮ ಪಕ್ಕದಲ್ಲಿ ನಿಂತು ಅವನ ಕೆಲಸ ನೋಡಿದಳು. ಮೊದಲು ಹೆಸರು ಕೇಳಿದ, ವಯಸ್ಸು ಕೇಳಿದ. ಆಮೇಲೆ, "ಪೇಟೇಲಿ ನಿಮ್ಮೋರು ಯಾರಿದ್ದಾರೆ?" ಎಂದ. ರೋಗಿಯ ಜೊತೆ ಬಂದವನು ಯಾವುದೋ ಭಾವನ ಮನೆಯ ವಿಳಾಸ ಹೇಳಿದ. ಕಿಟಕಿಯಪ್ಪ ಅದನ್ನೇ ರೋಗಿಯ ವಿಳಾಸವೆಂದು ಕಂಪ್ಯೂಟರಿಗೆ ಹೊಡೆದುಕೊಂಡ.

"ಎಲ್ಲಿ ವಾಸ ಅಂತ ಕೇಳೋದಲ್ವೇನ್ರೀ?"

"ಮೊದಲು ಹಾಗೇ ಕೇಳ್ತಿದ್ದೆ ಮೇಡಂ. ಕಾಡು ಮೂಲೆಗೆ ಕಳಿಸಿದ ಕಾರ್ಡೆಲ್ಲ ವಾಪಸ್ ಬಂತು, ದೊಡ್ಡ ಡಾಕ್ಟರ್ ಹಿಡಿದು ಝಾಡಿಸಿದ್ರು. ಆವತ್ತಿಂದ ಕಾರ್ಡು ತಲುಪೋ ವಿಳಾಸಾನೇ ಕೇಳ್ತೀನಿ. ಒಂದಾದ್ರೂ ವಾಪಸ್ ಬಂದಿದ್ಯಾ ಹೇಳಿ?"

ಬಂದಿರಲಿಲ್ಲ. ಬರುವುದಾದರೂ ಹೇಗೆ? ಎಲ್ಲವೂ ಅವಳ ಮನೆ ಬಾಗಿಲಿಗೆ ಬಿದ್ದು, ಅವಳೇ ಬಸ್ಸಿಗೆ ಹತ್ತಿಸುತ್ತಿದ್ದಳಲ್ಲ.

"ಅದೂ ಅಲ್ದೆ," ಎಂದು ಕಿಟಕಿಯಪ್ಪ ಮುಂದುವರಿಸಿದ, "ಕಲ್ಲುಗಣಿಯೋರನ್ನ ನೀವು ಎಲ್ಲಿ ವಾಸ ಅಂತ ಕೇಳಿದ್ರೂ ನಿಮ್ಮನೆ ವಿಳಾಸಾನೇ ಹೇಳ್ತಾರೆ. ಬಾಯಿಪಾಠ ಆಗ್ಬಿಟ್ಟಿದೆ ಅವರಿಗೆ. ಪಂಪು ಬೇಕಲ್ಲ."

ಪಂಪು ಎಂದರೆ ಉಸಿರು ಕಟ್ಟಿದಾಗ ಬಾಯಿಗಿಟ್ಟು ಎಳೆದುಕೊಳ್ಳುವ ಔಷಧಿ. ಪೇಟೆಯ ಎಲ್ಲೆಯೊಳಗಿನವರಿಗೆ ಆಸ್ಪತ್ರೆಯಲ್ಲೇ ತಿಂಗಳಿಗೊಂದು ಕೊಡುತ್ತಾರೆ. ಹೊರಗಿನವರಿಗೆ ಒಂದು ಚೀಟಿ ಬರೆದು, ನಿಮ್ಮ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತೆಗೆದುಕೊಳ್ಳಿ ಎನ್ನುತ್ತಾರೆ. ಕಲ್ಲುಗಣಿಯ ಹತ್ತಿರ ಯಾವ ಕೇಂದ್ರವೂ ಇರಲಿಲ್ಲ. ಕೇಂದ್ರ ಇಲ್ಲವೆಂದು ಅವರು ಪೇಟೆಯ ವಿಳಾಸ ಕೊಡುತ್ತಿದ್ದರು. ಪೇಟೆಯ ವಿಳಾಸ ಕೊಟ್ಟದ್ದರಿಂದ ಅಲ್ಲಿ ಕೇಂದ್ರ ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಇಷ್ಟು ಹೊಳೆದಾಗ ಸಿಡುಕಮ್ಮನಿಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಯೋಜನಾ ಕಚೇರಿಯಲ್ಲಿ ಗೋಡೆಯುದ್ದಕ್ಕೂ ನಕ್ಷೆಗಳು. ಅಲ್ಲಿದ್ದ ಅಧಿಕಾರಿ ಸಣ್ಣ ವಯಸ್ಸಿನ ಹೆಂಗಸು. ಅವಳ ಬೆರಳ ತುದಿಗಳಲ್ಲಿ ಬಣ್ಣದ ಪೆನ್ನಿನ ಕಲೆಗಳಿದ್ದವು. ಸಿಡುಕಮ್ಮ ಜಗಳಕ್ಕೆಂದೇ ಸೊಂಟ ಕಟ್ಟಿಕೊಂಡು ಹೋಗಿದ್ದಳು. ಆದರೆ ಅಧಿಕಾರಿ ಎದ್ದು ನಿಂತು, ಕುರ್ಚಿ ಎಳೆದುಕೊಟ್ಟು, "ಎಲ್ಲಕ್ಕಿಂತ ಚೊಕ್ಕಟವಾಗಿ ಬರೋದು ನಿಮ್ಮ ಕೋಷ್ಟಕಾನೇ ಮೇಡಂ," ಎಂದು ಮನಸ್ಸಿನಿಂದ ಹೇಳಿದಳು. ಇದರಿಂದ ಸಿಟ್ಟು ಇನ್ನಷ್ಟು ಹೆಚ್ಚಿತು, ಯಾಕೆಂದರೆ ಅದನ್ನು ಸುರಿಯುವುದಕ್ಕೆ ಜಾಗವೇ ಇಲ್ಲದಂತಾಯಿತು.

ನಕ್ಷೆಯಲ್ಲಿ ಅವಳ ಬೀದಿಯ ಮೇಲೆ ಹಣ್ಣಾದ ಕುರುವಿನಂತೆ ಕೆಂಪು ಚುಕ್ಕೆ. ಕಲ್ಲುಗಣಿ ಇರುವಲ್ಲಿ ಬರೀ ಬಿಳಿ.

"ಈ ಬಿಳಿ ಅಂದ್ರೇನು?"

"ಎದೆ ಕಾಯಿಲೆ ಇಲ್ಲ ಅಂತ. ಅಲ್ಲಿಂದ ಒಬ್ಬರೂ ದಾಖಲಾಗಿಲ್ಲವಲ್ಲ."

"ನಮ್ಮಪ್ಪ ಸತ್ತಿದ್ದೇ ಅಲ್ಲಿ, ಎದೆ ಕಾಯಿಲೆಯಿಂದ!" ಎಂದು ಸಿಡುಕಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. ಆಮೇಲೆ ಕಿಟಕಿಯಪ್ಪನ ಪ್ರಶ್ನೆಯಿಂದ ಹಿಡಿದು ಪಂಪಿನವರೆಗೂ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಹಾಕಿ, ಕೇಳಿಸಿಕೊಂಡಳು. ಈ ವರ್ಷ ಇಡೀ ಪ್ರಾಂತ್ಯಕ್ಕೆ ಎದೆ ಕಾಯಿಲೆಯ ಘಟಕ ಒಂದೇ ಒಂದು ಮಂಜೂರಾಗಿದೆ. ಎಕ್ಸ್‌ರೇ, ಆಮ್ಲಜನಕ, ಇಬ್ಬರು ನರ್ಸು, ಎಲ್ಲ ಇರುತ್ತದೆ. ಕೆಂಪು ಚುಕ್ಕೆ ನೋಡಿ ಅದನ್ನು ಸಿಡುಕಮ್ಮನ ಬೀದಿಯ ಕೊನೆಯಲ್ಲಿರುವ ಹಳೆ ಗೋದಾಮಿಗೆ ಗೊತ್ತುಮಾಡಿದ್ದಾರೆ, ಎಂದಳು. ಆ ಗೋದಾಮಿನ ಬಾಗಿಲಲ್ಲಿ ನಿಂತರೆ ಆಸ್ಪತ್ರೆ ಕಾಣುತ್ತದೆ.

"ನೀವು ಹೇಳಿದ್ದನ್ನ ನಾನು ನಂಬ್ತೀನಿ. ಆದ್ರೆ ನನ್ನ ನಂಬಿಕೆನ ಸಮಿತಿ ಮುಂದೆ ಇಡೋಕಾಗಲ್ಲ. ಗಾಳಿ ಕಾಲ ಮುಗಿದ ಮೇಲೆ ಸಮಿತಿ ಕೂರುತ್ತೆ. ಅಷ್ಟರೊಳಗೆ ನಿಜವಾದ ವಿಳಾಸದ ಕೋಷ್ಟಕ ಕೊಡಿ, ನಾನು ಹೋರಾಡ್ತೀನಿ."

ವಿಳಾಸವನ್ನು ಅವಳಾಗಿಯೇ ತಿದ್ದುವಂತಿರಲಿಲ್ಲ. ರೋಗಿಯೇ ಬಂದು, ತನ್ನ ಬಾಯಿಂದಲೇ ಹೇಳಬೇಕು ಎಂಬುದು ನಿಯಮ. ಹಾಗಾದರೆ ಪಂಪಿನ ನಿಯಮವನ್ನಾದರೂ ಸಡಿಲಿಸಿ, ಕಲ್ಲುಗಣಿಯವರಿಗೂ ಇಲ್ಲೇ ಕೊಡಿ ಎಂದು ಅವಳು ಆಸ್ಪತ್ರೆಯ ಆಡಳಿತಕ್ಕೆ ಅರ್ಜಿ ಬರೆದಳು. ಉತ್ತರ ಬಂತು. 'ಸದರಿ ಪ್ರದೇಶದಿಂದ ಒಳರೋಗಿಗಳು ದಾಖಲಾಗಿರುವುದು ಕಂಡುಬರುವುದಿಲ್ಲ. ಆದ್ದರಿಂದ ಪ್ರಶ್ನೆ ಉದ್ಭವಿಸುವುದಿಲ್ಲ.' ಆಧಾರಕ್ಕೆಂದು ಒಂದು ಕೋಷ್ಟಕ ಲಗತ್ತಿಸಿದ್ದರು. ಅದರ ಕೆಳಗೂ ಅವಳದೇ ಸಹಿ. ಸಿಡುಕಮ್ಮ ಆ ಕಾಗದವನ್ನು ಉಂಡೆ ಮಾಡಿ ಹಬೆ ಬರುವ ಕಿಟಕಿಯಿಂದ ಆಚೆಗೆಸೆದಳು. ಐದು ನಿಮಿಷ ಬಿಟ್ಟು ತಾನೇ ಹೋಗಿ ಎತ್ತಿಕೊಂಡು ಬಂದು, ನೇರ ಮಾಡಿ, ಕಡತಕ್ಕೆ ಸೇರಿಸಿದಳು. ಕಾಗದ ಎಸೆಯುವುದು ಅವಳ ಕೈಲಾಗುವ ಕೆಲಸವಲ್ಲ.

ಉಳಿದದ್ದು ಒಂದೇ ದಾರಿ. ಮುಂದಿನ ರಜೆಗೆ ಕಲ್ಲುಗಣಿಯ ಬಸ್ಸು ಹತ್ತಿದಳು.

ಅವಳ ತಮ್ಮ ತನ್ನ ಮನೆಯ ಕಟ್ಟೆಯ ಮೇಲೆ, ಎರಡೂ ಕೈ ಮಂಡಿಗೂರಿ, ಮುಂದಕ್ಕೆ ಬಾಗಿ ಕೂತಿದ್ದ. ಹಾಗೆ ಕೂತರೆ ಮಾತ್ರ ಉಸಿರು ಸರಾಗ. ನಲವತ್ತು ದಾಟಿದ ಗಂಡಸು, ನೋಡಿದರೆ ಅಪ್ಪನೇ ಬಂದು ಕೂತ ಹಾಗಿದ್ದ. ಅವನ ಮಾತಿಗೆ ಅಲ್ಲಿ ಬೆಲೆಯಿತ್ತು. ಯಂತ್ರ ಕೆಟ್ಟರೂ ಮನಸ್ಸು ಕೆಟ್ಟರೂ ಜನ ಅವನ ಹತ್ತಿರವೇ ಬರುತ್ತಿದ್ದರು. ಕಲ್ಲು ಕೊರೆಯುವ ಉಳಿಗಳನ್ನು ಮಸೆಯುವ ತಗಡಿನ ಚಪ್ಪರದಡಿ ಅವನೇ ಎಲ್ಲರನ್ನೂ ಸೇರಿಸಿದ. ಸಿಡುಕಮ್ಮ ನಕ್ಷೆ, ಚುಕ್ಕೆ, ಬಿಳಿ, ಸಮಿತಿ, ಎಲ್ಲವನ್ನೂ ವಿವರಿಸಿದಳು. ವಿವರಿಸಿದಳು ಎನ್ನುವುದಕ್ಕಿಂತ ಬೈದಳು ಎಂದರೆ ಸರಿ. ಅವಳಿಗೆ ಬೇರೆ ಬಗೆಯಲ್ಲಿ ಹೇಳುವುದು ಬರುತ್ತಿರಲಿಲ್ಲ.

ಎಲ್ಲರೂ ತಲೆಯಾಡಿಸಿದರು. ಚಿಕ್ಕಮ್ಮ, ಅಂದರೆ ಚಿಕ್ಕಪ್ಪನ ಹೆಂಡತಿ, "ಅಷ್ಟೆಲ್ಲ ಓದಿದ್ದೀಯಲ್ಲೇ, ನೀನೇ ಏನಾದ್ರೂ ತಿದ್ದಿ ಹಾಕ್ಬಾರ್ದಾ?" ಎಂದಳು.

"ಆಗಲ್ಲ ಚಿಕ್ಕಮ್ಮ. ನಿಮ್ಮ ಬಾಯಿಂದ್ಲೇ ಬರ್ಬೇಕು."

ತಮ್ಮ ಮೆಲ್ಲಗೆ ಕೇಳಿದ. "ಅಕ್ಕ, ಘಟಕ ಬರೋದು ಯಾವಾಗ?"

"ಸಮಿತಿ ಕೂತು, ಒಪ್ಪಿ, ಆಮೇಲೆ ಕಟ್ಟಿ..."

"ಅಲ್ಲೀವರೆಗೂ ಪಂಪು?"

ಉತ್ತರವಿಲ್ಲದಾಗ ಅವಳಿಗೆ ಬರುವುದು ಕೋಪ. "ಸ್ವಲ್ಪ ದಿನ ಸುಧಾರಿಸ್ಕೋಬೇಕಪ್ಪ! ಎಲ್ಲಾ ಕೂತಲ್ಲೇ ಆಗ್ಬೇಕು ಅಂದ್ರೆ ಹೇಗೆ?"

"ಉಸಿರು ಹೇಗೆ ಅಕ್ಕ ಸುಧಾರಿಸ್ಕೊಳ್ಳೋದು? ನಿನ್ನ ಲೆಕ್ಕ ಸರಿ ಮಾಡೋಕೆ ನಮ್ಮ ಉಸಿರು ಕೊಡ್ಬೇಕಾ?"

ಚಪ್ಪರದಡಿ ಯಾರೋ ನಕ್ಕರು. ಆ ನಗು ಇಲ್ಲದಿದ್ದರೆ ಅವಳು ಮುಂದಿನ ಮಾತು ಆಡುತ್ತಿರಲಿಲ್ಲವೇನೋ. "ನನ್ನ ಲೆಕ್ಕಾನಾ? ನನಗೇನೋ ಆಗ್ಬೇಕು ನಿಮ್ಮಿಂದ? ಸರಿ ಬಿಡು. ಇನ್ಮೇಲೆ ನನ್ನ ಮನೆ ವಿಳಾಸ ನಿನ್ನ ಬಾಯಲ್ಲಿ ಬರಕೂಡದು. ಪೇಟೇಲಿ ನಿನಗೆ ಅಕ್ಕ ಅನ್ನೋಳೇ ಇಲ್ಲ ಅಂದ್ಕೋ!"

ಆಡಿದ ಮಾತು ಅವಳ ಕಿವಿಗೇ ಕೆಟ್ಟದಾಗಿ ಕೇಳಿಸಿತು. ಪ್ರತಿ ಸಲ ಎಷ್ಟೇ ಏದುಸಿರಾದರೂ ಬಸ್ಸಿನವರೆಗೆ ಬಂದು ಕೈಬೀಸುತ್ತಿದ್ದ ತಮ್ಮ ಅವತ್ತು ಕೂತಲ್ಲಿಂದ ಏಳಲಿಲ್ಲ. ಬಸ್ಸಿನಲ್ಲಿ ಕೂತು ಅವಳು ದಾರಿಯುದ್ದಕ್ಕೂ ಅವನನ್ನು ಮನಸ್ಸಿನಲ್ಲೇ ಬೈದಳು, ಆಮೇಲೆ ನಕ್ಕವನನ್ನು ಬೈದಳು, ಪೇಟೆ ಬರುವ ಹೊತ್ತಿಗೆ ಬೈಯಲು ತಾನೊಬ್ಬಳೇ ಉಳಿದಿದ್ದಳು.

ಗಾಳಿ ಕಾಲ ಶುರುವಾಯಿತು. ಅವಳು ದಿನಾ ಕಿಟಕಿಗೆ ಹೋಗಿ, "ಎಲ್ಲಿ ವಾಸ ಅಂತ ಕೇಳಿ, ಎಲ್ಲಿ ವಾಸ ಅಂತ!" ಎಂದು ಹೇಳಿ ಬರುತ್ತಿದ್ದಳು. ಕಿಟಕಿಯಪ್ಪ "ಆಗ್ಲಿ ಮೇಡಂ," ಎನ್ನುತ್ತಿದ್ದ. ಅವಳು ಬೆನ್ನು ತಿರುಗಿಸುವುದೇ ತಡ, "ಪೇಟೇಲಿ ನಿಮ್ಮೋರು ಯಾರಿದ್ದಾರೆ?" ಎಂದು ಕೇಳುವುದು ಅವಳಿಗೇ ಕೇಳಿಸುತ್ತಿತ್ತು. ಸಮಿತಿ ಕೂರುವ ದಿನ ಹತ್ತಿರವಾಗುತ್ತಿತ್ತು. ನಕ್ಷೆಯ ಅಧಿಕಾರಿ ಎರಡು ಸಲ ಫೋನು ಮಾಡಿ ವಿಚಾರಿಸಿದಳು. ತಿದ್ದಿದ ವಿಳಾಸ ಇನ್ನೂ ಒಂದೂ ಬಂದಿರಲಿಲ್ಲ.

ಮನೆಗೆ ಬರುವ ಕಾರ್ಡುಗಳಲ್ಲಿ ತಮ್ಮನದೂ ಒಂದಿತ್ತು. ಅದನ್ನು ತೋರಿಸಿದರೇ ಆ ತಿಂಗಳ ಪಂಪು. ಡ್ರೈವರ್ ಕೈಗೆ ಕೊಟ್ಟು ಕಳಿಸಿದಳು. ಅವನು ಅದನ್ನು ಹಾಗೇ ವಾಪಸ್ ತಂದ.

"ಬೇಡ ಅಂದ್ರಂತೆ," ಎಂದು ಗಂಡ ಕಾರ್ಡನ್ನು ಮೇಜಿನ ಮೇಲಿಟ್ಟ. ಈ ಸಲ ಅವನು ನಿಲ್ದಾಣದ ದನಿ ತೆಗೆಯಲಿಲ್ಲ. "ನಮ್ಮನೆ ವಿಳಾಸ ಇರೋದ್ರಿಂದ ಮುಟ್ಟಲ್ವಂತೆ."

"ಹಟಮಾರಿ! ಯಾರ ಹಾಗೆ ಹುಟ್ಟಿದ್ದಾನೋ!"

"ಯಾರ ಹಾಗೆ ಅಂತ ನಿಜವಾಗ್ಲೂ ಕೇಳ್ತಿದ್ದೀಯಾ?"

ಹಳೆಯ ಪಂಪು ಎಷ್ಟು ದಿನ ಬರುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೋಗಿ ಕಾಲಿಗೆ ಬೀಳೋಣವೆಂದರೆ ಅಭಿಮಾನ ಬಿಡದು, ಸುಮ್ಮನಿರೋಣವೆಂದರೆ ಕರುಳು ಕೇಳದು. ಊಟ ಸೇರದಾಯಿತು. ಆ ವಾರ ದಾಖಲೆ ವಿಭಾಗದ ಹತ್ತಿರ ಯಾರೂ ಸುಳಿಯಲಿಲ್ಲ. ಡೊಂಕು ಗೆರೆಯ ಶಸ್ತ್ರವೈದ್ಯರೂ ಅಚ್ಚುಕಟ್ಟಾಗಿ ಅಕ್ಷರ ಬಿಡಿಸಿ ಬರೆದು ಕಳಿಸಿದರು.

ಅದಾದ ಮೇಲೊಂದು ಬೆಳಿಗ್ಗೆ ಅವಳು ಕಡತ ಹಿಡಿದುಕೊಂಡು ಮುಂಬಾಗಿಲ ಕಡೆ ಬಂದಿದ್ದಳು. ಕಲ್ಲುಪುಡಿ ಸಾಗಿಸುವ ಲಾರಿಯೊಂದು ಆಸ್ಪತ್ರೆಯ ಮೆಟ್ಟಿಲಿಗೇ ಬಂದು ನಿಂತಿತು. ಹಿಂದಿನಿಂದ ನಾಲ್ಕೈದು ಜನ ಇಳಿದರು, ಎಲ್ಲರೂ ಕೆಮ್ಮುತ್ತಿದ್ದರು, ಎಲ್ಲರ ಹುಬ್ಬೂ ಬೆಳ್ಳಗಾಗಿತ್ತು. ಇಬ್ಬರು ಸೇರಿ ಒಬ್ಬನನ್ನು ಇಳಿಸಿದರು. ಅವನ ತುಟಿ ನೀಲಿಯಾಗಿತ್ತು. ಕತ್ತಿನ ನರಗಳು ಹಗ್ಗದ ಹಾಗೆ ಎದ್ದಿದ್ದವು. ಅದು ತಮ್ಮನೆಂದು ತಿಳಿಯುವುದಕ್ಕೆ ಅವಳಿಗೆ ಒಂದು ಗಳಿಗೆ ಬೇಕಾಯಿತು.

ಕಡತ ಎಲ್ಲಿ ಬಿತ್ತೋ ಗೊತ್ತಿಲ್ಲ. ಅವಳು ಓಡಿಬಂದು ಅವನ ತೋಳು ಹಿಡಿದುಕೊಂಡಳು. ಗಾಲಿಕುರ್ಚಿಗೆ ಕೂಗಿದಳು, ಡಾಕ್ಟರಿಗೆ ಕೂಗಿದಳು, ನಿಂತವರಿಗೆಲ್ಲ ಯಾಕೆ ನಿಂತಿದ್ದೀರಿ ಎಂದು ಕೂಗಿದಳು. ತಮ್ಮ ಮಾತ್ರ ಗಾಲಿಕುರ್ಚಿಯಲ್ಲಿ ಕೂರಲಿಲ್ಲ. ಅವಳ ಕೈ ಬಿಡಿಸಿಕೊಂಡು, ಗೋಡೆ ಹಿಡಿದುಕೊಂಡು, ನೇರವಾಗಿ ದಾಖಲಾತಿ ಕಿಟಕಿಯ ಮುಂದೆ ಹೋಗಿ ನಿಂತ. ಎರಡೂ ಕೈ ಕಟ್ಟೆಗೆ ಊರಿದ.

ಕಿಟಕಿಯಪ್ಪ ಹೆಸರು ಕೇಳಿದ, ವಯಸ್ಸು ಕೇಳಿದ. ಸಾವಿರ ಸಲ ಹೇಳಿದ್ದರೂ ಏನು ಉಪಯೋಗ, ನಾಲಿಗೆಗೆ ರೂಢಿಯಾದದ್ದು ಹೋಗುತ್ತದೆಯೇ? "ಪೇಟೇಲಿ ನಿಮ್ಮೋರು ಯಾರಿದ್ದಾರೆ?" ಎಂದ.

ತಮ್ಮ ಒಮ್ಮೆ ಅಕ್ಕನ ಮುಖ ನೋಡಿದ.

"ಯಾರೂ... ಇಲ್ಲ."

ಕಿಟಕಿಯಪ್ಪನ ಬೆರಳು ನಿಂತವು. ಅವನು ಸಿಡುಕಮ್ಮನ ಕಡೆ ನೋಡಿದ, ರೋಗಿಯ ಕಡೆ ನೋಡಿದ. ಎರಡೂ ಮುಖದ ಮೇಲೆ ಒಂದೇ ಮೂಗು. "ಯಾರೂ ಇಲ್ವಾ?"

"ಯಾರೂ ಇಲ್ಲ. ಬರ್ಕೊಳ್ಳಿ... ಕಲ್ಲುಗಣಿ. ಮೇಲಿನ ಸಾಲು... ಕೊನೇ ಮನೆ."

ಇಲ್ಲಿ ನಿಂತಿರೋಳು ಯಾರೋ, ಕಂಬವಾ? ಮಾತು ನಾಲಿಗೆಯ ತುದಿಗೆ ಬಂದಿತ್ತು. ಸೊಂಟದ ಮೇಲೆ ಹೊತ್ತು ತಿರುಗಿದವಳು ಯಾರು, ಗುಂಡಿ ಹಾಕಿದವಳು ಯಾರು? ಆದರೆ ಈಗ ಅವಳು ಬಾಯಿಬಿಟ್ಟರೆ ಕಿಟಕಿಯಪ್ಪನ ಬೆರಳು ಅಭ್ಯಾಸಬಲದಿಂದ ಅವಳ ಮನೆಯ ವಿಳಾಸಕ್ಕೇ ಹೋಗುತ್ತದೆ. ಹುಟ್ಟಿದಾಗಿನಿಂದ ಒಂದು ಮಾತನ್ನೂ ನುಂಗಿ ಗೊತ್ತಿಲ್ಲದವಳು ಅವತ್ತು ನುಂಗಿದಳು. ಕಣ್ಣಲ್ಲಿ ನೀರು ತುಂಬಿ ಕಿಟಕಿಯೇ ಕಾಣದಾಯಿತು. ಒಂದೊಂದೇ ಅಕ್ಷರ ಒತ್ತುವ ಸದ್ದು ಮಾತ್ರ ಕೇಳಿಸಿತು. ತಮ್ಮ ಪಕ್ಕಕ್ಕೆ ಸರಿದ. ಅವನ ಹಿಂದೆ ಇದ್ದವನು ಮುಂದೆ ಬಂದು, ಕೆಮ್ಮಿ ಮುಗಿಸಿ, ಕೇಳುವ ಮೊದಲೇ "ಕಲ್ಲುಗಣಿ," ಎಂದ. ಅವನ ಹಿಂದಿನವನೂ ಅದನ್ನೇ ಹೇಳಿದ.

ಮುಂದಿನದನ್ನು ಇಲ್ಲೇ ಹೇಳಿ ಮುಗಿಸಿಬಿಡುತ್ತೇನೆ. ಲಾರಿಗಳು ಬರುತ್ತಲೇ ಇದ್ದವು. ತಮ್ಮ ಹೇಳಿದ ಮೇಲೆ ಕಲ್ಲುಗಣಿಯಲ್ಲಿ ಬೇರೆ ಮಾತಿರಲಿಲ್ಲ. ಹಿಂದೆ ದಾಖಲಾದವರೂ ಬಂದು ಬಾಯಿಬಿಟ್ಟು ವಿಳಾಸ ತಿದ್ದಿಸಿಕೊಂಡು ಹೋದರು. ಪಂಪಿನ ಬದಲು ಅವರ ಕೈಗೆ ಬಂದ ಚೀಟಿಗಳನ್ನು ಒಟ್ಟುಮಾಡಿ ಸಿಡುಕಮ್ಮ ದೊಡ್ಡ ಡಾಕ್ಟರ ಕೋಣೆಯಲ್ಲಿ ಹೋಗಿ ಕೂತಳು. 'ಪ್ರಶ್ನೆ ಉದ್ಭವಿಸಿದೆ ಸಾರ್,' ಎಂದಳು. ಅವರು ಸಹಿ ಹಾಕುವವರೆಗೆ ಎದ್ದು ಬರಲಿಲ್ಲ. ವಿಶೇಷ ಪ್ರಕರಣವೆಂದು ಪಂಪು ಕೊಟ್ಟರು. ವಿಶೇಷ ಪ್ರಕರಣಗಳು ಎಷ್ಟಾದವೆಂದರೆ ಕೊನೆಗೆ ಅದಕ್ಕೊಂದು ಬೇರೆ ಮೊಹರೇ ಮಾಡಿಸಬೇಕಾಯಿತು. ಸಮಿತಿ ಕೂತ ದಿನ ನಕ್ಷೆಯಲ್ಲಿ ಕೆಂಪು ಇರಬೇಕಾದಲ್ಲೇ ಇತ್ತು. ಅಧಿಕಾರಿ ಮಾತು ಕೊಟ್ಟ ಹಾಗೆ ಹೋರಾಡಿದಳು. ಘಟಕ ಕಲ್ಲುಗಣಿಗೆ ಹೋಯಿತು, ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಒಬ್ಬ ನರ್ಸು ಇನ್ನೂ ಬಂದಿಲ್ಲ, ಆದರೂ ಇದೆ. ಎದುರುಮನೆಯಾಕೆ ಹಗ್ಗವನ್ನು ಮೊದಲಿನ ಜಾಗಕ್ಕೆ ಕಟ್ಟಿಕೊಂಡಳು.

ನನಗೆ ಹೇಳಬೇಕಾಗಿದ್ದದ್ದು ಆ ಬೆಳಿಗ್ಗೆಯ ಮಾತು. ತಮ್ಮನನ್ನು ಎದೆ ವಿಭಾಗಕ್ಕೆ ಕರೆದೊಯ್ದು ಮಲಗಿಸಿದ್ದರು. ಮಲಗಿಸಿದ್ದರು ಎಂದರೆ ದಿಂಬು ಪೇರಿಸಿ ಕೂರಿಸಿದ್ದರು. ಮೂಗಿಗೆ ಬಾಯಿಗೆ ಆಮ್ಲಜನಕದ ಮುಸುಕು. ತುಟಿಯ ನೀಲಿ ಮೆಲ್ಲಗೆ ಇಳಿಯುತ್ತಿತ್ತು. ಸಿಡುಕಮ್ಮ ಅವನ ಹುಬ್ಬಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು, ಸ್ವಲ್ಪ ಒರಟಾಗಿಯೇ. ಅವನು ಮುಸುಕನ್ನು ಒಂದಿಷ್ಟು ಸರಿಸಿದ.

"ಸರಿಯಾಗಿ... ಹೇಳಿದ್ನಾ ಅಕ್ಕ?"

"ಬಾಯ್ಮುಚ್ಕೊಂಡು ಉಸಿರಾಡು," ಎಂದು ಅವಳು ಮುಸುಕನ್ನು ಎಳೆದು ಮತ್ತೆ ಕೂರಿಸಿದಳು.

ಅಷ್ಟರಲ್ಲಿ ಆ ವಾರ್ಡಿಗೆ ಹೊಸದಾಗಿ ಬಂದ ನರ್ಸು ದಾಖಲಾತಿ ಹಾಳೆ ಹಿಡಿದುಕೊಂಡು ಬಂದಳು. ಸಿಡುಕಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. "ನೀವ್ಯಾರಮ್ಮ? ಹೊರಗಿನೋರು ಇಲ್ಲಿ ಕೂರೋ ಹಾಗಿಲ್ಲ. ಈ ರೋಗಿಗೆ ಪೇಟೇಲಿ ಯಾರೂ ಇಲ್ಲ ಅಂತ ಬರೆದಿದೆ ನೋಡಿ."

"ಬರೆದಿರೋದು ಸರಿಯಾಗೇ ಇದೆ. ಅದನ್ನ ಮಾತ್ರ ಯಾರೂ ಮುಟ್ಟಬೇಡಿ," ಎಂದಳು ಸಿಡುಕಮ್ಮ. ಹುಬ್ಬು ಒರೆಸುವುದನ್ನು ನಿಲ್ಲಿಸಲಿಲ್ಲ. "ಅದು ಲೆಕ್ಕಕ್ಕೆ. ನಾನು ಇವನ ಅಕ್ಕ."